ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನೂದು ಬೈಗುಳ ಅಲ್ರಿ



ಈ ಸಲ ಮಕ್ಕಳ ಮೊಬೈಲ್ ಆಟದ ಬಗ್ಗೆ ಬರೀಲಿಕ್ಕತ್ತೀನಿ. “ಅಯ್ಯ, ಆ ಹುಡುಗೂರ ಢಂ ಢಂ ಆಟದಾಗ ನಮಗೇನ ತಿಳೀತದ, ಹೋಗ್ಲಿ ಬಿಡು” ಅಂತ ಅರ್ಧಕ್ಕ ಬಿಡಬ್ಯಾಡ್ರಿ. ಬಂದೂಕಿನ ಸುದ್ದಿ ನನಗೂ ಬೇಕಾಗಿಲ್ಲ. ನಾ ಬರಿಯೂದು ತಕ್ಕಡಿ ಸುದ್ದಿ. ತಕ್ಕಡಿ ಅಂದ್ರ ಹೆಣ್ಣಮಕ್ಕಳಿಗೆ ಹೊಸಾದೇನಲ್ಲ. ಬಣ್ಣ ಎಂಥಾದು, ಎತ್ತರ ಎಷ್ಟು, ಮಾರ್ಕ್ಸ್ ಎಷ್ಟು, ಕೈಯಾಗಿನ ಚಪಾತಿ ಎಷ್ಟು ಮೆತ್ತಗ, ಲಗ್ನಾಗಿ ಎಷ್ಟು ವರ್ಷಕ್ಕ ಮಗ ಹುಟ್ಟಿದ ಅಂತ ನಮ್ಮನ್ನ ತೂಗಿದಷ್ಟು ಯಾರನ್ನ ತೂಗ್ಯಾರ?

ಹೇಳೂದನ್ನ ಮೊದಲ ಹೇಳಿಬಿಡ್ತೀನಿ. ಆನ್‌ಲೈನ್ ಆಟದಾಗ ಯಾರು ಎಷ್ಟು ಹೊಡದ್ರು, ಎಷ್ಟು ಸಲ ಸತ್ರು, ಎಷ್ಟು ಗೆದ್ರು ಅಂತ ಲೆಕ್ಕ ಇಡೋ ಸಾಧನ ಅವ. ತನ್ನ ಲೆಕ್ಕ ತಾ ನೋಡಿ ಆಟ ಸುಧಾರಿಸ್ಕೊಳ್ಳೋರಿಗೆ ನನ್ನದೇನೂ ತಕರಾರಿಲ್ಲ. ಅದೇ ಲೆಕ್ಕ ಕೈಯಾಗ ಹಿಡ್ಕೊಂಡು ಜೋಡಿ ಆಡೋರನ್ನ ಆರಿಸೂದು, ಬಯ್ಯೂದು, ಹೊರಗ ಹಾಕೂದು ನಡದದಲ್ಲ, ಅದಕ್ಕ ನನ್ನ ತಕರಾರು. ಗೆಲ್ಲಲಿಕ್ಕೆ ಬಂದೋರಿಗೆ ಆಟದ ಮ್ಯಾಲೆ ಎಷ್ಟು ಹಕ್ಕದನೋ, ನಕ್ಕೋತ ಆಡ್ಲಿಕ್ಕೆ ಬಂದೋರಿಗೂ ಅಷ್ಟ ಹಕ್ಕದ.

ಇದು ನನಗ ಯಾಕ ಹತ್ತೇದ ಅಂದ್ರ, ನಮ್ಮ ಮನ್ಯಾಗನ ಆಗೇದ. ನಮ್ಮ ತವರಮನಿ ಕಡೆ ಮಕ್ಕಳು ಏಳು ಮಂದಿ, ನಿಮಗ ಗೊತ್ತದ. ಇಬ್ಬರು ಬೆಂಗಳೂರಾಗ, ಒಬ್ಬ ಹೈದರಾಬಾದ್‌ದಾಗ, ನನ್ನ ತಂಗಿ ಮಗಳು ಪುಣೆದಾಗ, ಉಳದೋರು ಇಲ್ಲೇ ಹುಬ್ಬಳ್ಳಿ ಧಾರವಾಡದಾಗ. ಕೊರೊನಾ ಲಾಕ್‌ಡೌನ್‌ದಾಗ ಇವರೆಲ್ಲಾ ಶನಿವಾರ ರಾತ್ರಿ ಒಂಬತ್ತೂವರಿಗೆ ಮೊಬೈಲಿನ್ಯಾಗ ಕೂಡಿ ಆಡ್ಲಿಕ್ಕೆ ಶುರು ಮಾಡಿದ್ರು. ಆವಾಗ ಪಬ್‌ಜಿ ಇತ್ತು. 2020ರ ಸೆಪ್ಟೆಂಬರದಾಗ ಸರಕಾರ ಅದನ್ನ ಬಂದ್ ಮಾಡಿತು. 2021ರ ಜುಲೈದಾಗ ಬಿಜಿಎಂಐ ಅಂತ ನಮ್ಮ ದೇಶಕ್ಕಂತನ ಬ್ಯಾರೆ ಹೆಸರಿಲೆ ಬಂತು. ಮಕ್ಕಳ ಶನಿವಾರ ಮತ್ತ ಶುರು ಆತು.

ಆಟ ಹ್ಯಾಂಗದ ಅಂತ ಗೊತ್ತಿಲ್ಲದೋರಿಗೆ ಎರಡ ಮಾತು ಹೇಳ್ತೀನಿ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕ ಇಳೀತಾರ. ಕೈಯಾಗ ಏನೂ ಇರಂಗಿಲ್ಲ. ಮನಿ ಮನಿ ಹೊಕ್ಕು ಬಂದೂಕು, ಔಷಧ, ಹೆಲ್ಮೆಟ್ ಹುಡುಕ್ಕೋಬೇಕು. ಸುತ್ತ ಒಂದು ಗೆರಿ ಇರ್ತದ, ಅದು ಸಣ್ಣಾಗಿಕೋತ ಬರ್ತದ, ಹೊರಗ ಉಳದ್ರ ಜೀವ ಹೋಗ್ತದ. ನಾಕು ನಾಕು ಮಂದಿ ಒಂದು ತಂಡ. ಕಡೀಕ ಉಳಿಯೋ ತಂಡ ಗೆದ್ದಂಗ. ನಡುವ ಯಾರರ ಗುಂಡು ಬಿದ್ದು ಮಲಗಿದ್ರ, ತಂಡದವರು ಓಡಿ ಹೋಗಿ ಅವರನ್ನ ಎಬ್ಬಿಸಬಹುದು.

ನಾ ಅಡಿಗಿ ಮನ್ಯಾಗ ಒಗ್ಗರಣಿ ಹಾಕ್ಕೋತ ಕೇಳಸ್ಕೋತಿದ್ದೆ. ಒಂದು ಕಡೆ ಗುಂಡು ಹಾರ್ತಿರ್ತಾವ, ಇನ್ನೊಂದು ಕಡೆ “ಮೌಶಿ ಇವತ್ತ ಏನ ಪಲ್ಯಾ ಮಾಡ್ಯಾಳೋ”, “ಅಜ್ಜಿ ಮೊಣಕಾಲು ಈಗ ಹ್ಯಾಂಗದ” ಅಂತ ನಡದಿರ್ತಿತ್ತು. ನನ್ನ ತಂಗಿ ಮಗಳಿಗೆ ಗುರಿ ಇಟ್ಟು ಹೊಡಿಯೂದು ಬರಂಗಿಲ್ಲ. ಅಕಿ ಜೀಪ್ ಹೊಡೀತಿದ್ಲು, ಬಿದ್ದೋರನ್ನ ಎಬ್ಬಸ್ತಿದ್ಲು, ತನ್ನ ಔಷಧ ಮಂದಿಗೆ ಹಂಚ್ತಿದ್ಲು. ಪುಣೆದಾಗ ಪಿಜಿದಾಗ ಒಬ್ಬಾಕೀನ ಇರೋ ಹುಡುಗಿಗೆ ವಾರದಾಗ ಒಂದು ರಾತ್ರಿ ಮನಿ ಮಂದಿ ಸಿಕ್ಕಂಗ ಆಗ್ತಿತ್ತು. ನಮ್ಮ ಹಿರಿಯರಿಗೆ ಊಟ ಆದ ಮ್ಯಾಲೆ ಮನಿ ಮುಂದಿನ ಕಟ್ಟಿ ಹ್ಯಾಂಗೋ, ಇವರಿಗೆ ಆ ಆಟ ಹಂಗ.

ಆಮ್ಯಾಲೆ ಅವರೊಳಗಿನ ಹಿರೇ ಹುಡುಗ ಆಟ ಭಾಳ ಮನಸಿಗೆ ಹಚ್ಚಿಕೊಂಡ. ಹಚ್ಚಿಕೊಳ್ಳಲಿ, ಚಲೋನ ಆಡ್ತಾನ. ಆದ್ರ ಅಂವ ಪ್ರತಿ ರವಿವಾರ ಎಲ್ಲಾರ ಲೆಕ್ಕ ತಗದು, ಒಂದು ಪಟ್ಟಿ ಮಾಡಿ, ಕಡಿಮಿ ಇದ್ದೋರ ಹೆಸರಿಗೆ ಕೆಂಪು ಬಣ್ಣ ಹಚ್ಚಿ ಮನಿ ವಾಟ್ಸ್ಯಾಪ್ ಗುಂಪಿಗೆ ಹಾಕ್ಲಿಕ್ಕೆ ಹತ್ತಿದ. ಮೊದಲ ಎಲ್ಲಾರೂ ನಕ್ಕರು. ಆಮ್ಯಾಲೆ ಎ ತಂಡ, ಬಿ ತಂಡ ಆತು. ಆಮ್ಯಾಲೆ “ನೀ ಇವತ್ತ ಬ್ಯಾಡ, ನಾವು ರ್ಯಾಂಕ್ ಏರಿಸ್ಲಿಕ್ಕತ್ತೀವಿ” ಅಂತ ಶುರು ಆತು. ನನ್ನ ತಂಗಿ ಮಗಳು ಸಂಕ್ರಾಂತಿಯಿಂದ ಆಡಿಲ್ಲ. ಕೇಳಿದ್ರ, “ಮೌಶಿ, ನನ್ನದು ಪಾಯಿಂಟ್ ನಾಕದ. ನಾ ಹೋದ್ರ ಅವರದೂ ಇಳೀತದ” ಅಂದ್ಲು. ಈಗ ಮೂರು ಮಂದಿ ಅಣ್ಣ ತಮ್ಮರು ಆಡ್ತಾರ. ನಾಕನೇದಾಂವ ಯಾವ ಊರಾಂವೋ ಯಾರಿಗೂ ಗೊತ್ತಿಲ್ಲ. ನಂಬರ್ ಚಲೋ ಅದ ಅಂತ ತೊಗೊಂಡಾರ.

ತಂಗೀನ ಬಿಟ್ಟು ನಂಬರ್ ತೊಗೊಂಡ್ರು ನೋಡ್ರಿ. ತಪ್ಪು ಆಟದ್ದಲ್ಲ, ಆಟ ಮಾಡಿದೋರದ್ದೂ ಅಲ್ಲ. ಆ ಹುಡುಗನ ಹೆಸರು ಬರಿಯಂಗಿಲ್ಲ, ಆದ್ರ ಓದೋರಿಗೆ ಯಾರಂತ ಗೊತ್ತಾಗ್ತದ. ಆಗ್ಲಿ. ಅವರವ್ವಗೂ ಗೊತ್ತಾಗ್ಲಿ ಅಂತನ ಬರದೀನಿ.

ಪಾಯಿಂಟ್ ನಾಕು ಅಂದ್ರೇನು? ಇದಕ್ಕ ಹುಡುಗೂರು ಕೆ/ಡಿ ಅಂತಾರ. ಹೊಡದದ್ದನ್ನ ಸತ್ತದ್ದರಿಂದ ಭಾಗಿಸೂದು. ಇಪ್ಪತ್ತು ಸಲ ಸತ್ತು ಎಂಟು ಮಂದೀನ ಹೊಡದ್ರ ಎಂಟು ಭಾಗಿಸು ಇಪ್ಪತ್ತು, ಅಂದ್ರ 0.4. ನಾಕನೇ ಇಯತ್ತೆ ಲೆಕ್ಕ. ಇಷ್ಟು ಸಣ್ಣ ಲೆಕ್ಕಕ್ಕ ಇಷ್ಟು ದೊಡ್ಡ ಅಧಿಕಾರ ಎಲ್ಲಿಂದ ಬಂತು ಅಂತ ನನಗ ತಲಿ ತಿನ್ನಲಿಕ್ಕೆ ಹತ್ತಿತು. ನನ್ನ ಮಗ ಕಂಪ್ಯೂಟರ್ ಕೆಲಸದಾಂವ. ಅವನ್ನ ಕೂಡಿಸ್ಕೊಂಡು ಒಂದು ವಾರ ರಾತ್ರಿ ಊಟ ಆದ ಮ್ಯಾಲೆ ಕೇಳಿ ಕೇಳಿ ತಿಳ್ಕೊಂಡೆ. ಇದು ನಮ್ಮ ಹುಡುಗ ಹುಟ್ಟಿಸಿದ ಹುಚ್ಚಲ್ಲ. ಇಪ್ಪತ್ತು ವರ್ಷದಿಂದ ದೊಡ್ಡ ದೊಡ್ಡ ಆಟದಾಗ ನಡದು ಬಂದದ್ದು.

ಅಮೇರಿಕಾದಾಗ 2004ರಾಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅಂತ ಒಂದು ಆಟ ಬಂತು. ಅದರಾಗ ದೊಡ್ಡ ರಾಕ್ಷಸನ್ನ ಕೊಲ್ಲಲಿಕ್ಕೆ ಮೊದಮೊದಲು ನಲವತ್ತು ಮಂದಿ ಕೂಡಬೇಕಾಗ್ತಿತ್ತು. ಯಾರು ಯಾರಿಗೆ ಎಷ್ಟು ಪೆಟ್ಟು ಕೊಟ್ರು, ಯಾರು ಯಾರ ಗಾಯ ಮಾಯಿಸಿದ್ರು ಅನ್ನೂದನ್ನೆಲ್ಲಾ ಆಟ ಒಂದು ದಾಖಲೆದಾಗ ಸಾಲು ಸಾಲು ಬರೀತದ. ಆಡೋ ಮಂದೀನ ಅದನ್ನ ಓದಿ ಲೆಕ್ಕ ಹಾಕೋ ಸಣ್ಣ ಸಾಧನ ಮಾಡಿದ್ರು. ರಿಕೌಂಟ್ ಅಂತ ಒಂದು, ಡೀಟೇಲ್ಸ್ ಅಂತ ಇನ್ನೊಂದು. ಒಂದು ಸೆಕೆಂಡಿಗೆ ಯಾರದು ಎಷ್ಟು ಪೆಟ್ಟು ಅಂತ ಪಟ್ಟಿ ತೋರಸ್ತಾವ. ರಾಕ್ಷಸ ಯಾಕ ಸಾಯಲಿಲ್ಲ, ನಾವೆಲ್ಲಿ ತಪ್ಪಿದ್ವಿ ಅಂತ ತಿಳ್ಕೊಳ್ಳಲಿಕ್ಕೆ ಅದು ಚಲೋ ಸಾಧನ.

ಆಮ್ಯಾಲೆ ಗಿಯರ್‌ಸ್ಕೋರ್ ಅಂತ ಬಂತು. ಮೈಮ್ಯಾಲಿನ ಕವಚ, ಕೈಯಾಗಿನ ಕತ್ತಿ ಎಲ್ಲಾ ಕೂಡಿಸಿ ಒಂದು ಅಂಕಿ. ಇಷ್ಟು ಅಂಕಿ ಇದ್ರ ಬರ್ರಿ, ಇಲ್ಲಂದ್ರ ಬರಬ್ಯಾಡ್ರಿ ಅಂತ ಆಟದ ಸಂತ್ಯಾಗ ನಿಂತು ಕೂಗೂದು ಶುರು ಆತು. ಚಲೋ ಸಾಮಾನು ಸಿಗಬೇಕಂದ್ರ ದೊಡ್ಡ ಕಾಳಗಕ್ಕ ಹೋಗಬೇಕು, ಕಾಳಗಕ್ಕ ಹೋಗಬೇಕಂದ್ರ ಮೊದಲ ಚಲೋ ಸಾಮಾನು ಇರಬೇಕು. ಅನುಭವ ಇದ್ದೋರಿಗೆ ಅಷ್ಟ ನೌಕರಿ ಅಂತಾರಲ್ಲ, ಅದೇ ಥರ. ವಾರ್‌ಕ್ರಾಫ್ಟ್ ಲಾಗ್ಸ್ ಅನ್ನೋದು ಇನ್ನೂ ಮುಂದಕ್ಕ ಹೋಗಿ ಒಬ್ಬೊಬ್ಬರಿಗೂ ಬಣ್ಣ ಕೊಡ್ತದ. ಕೆಳಗಿನ ಮಂದಿಗೆ ಬೂದಿ ಬಣ್ಣ, ಆಮ್ಯಾಲೆ ಹಸರು, ನೀಲಿ, ನೇರಳೆ, ಕಿತ್ತಳೆ, ಎಲ್ಲಾರಕಿಂತ ಮ್ಯಾಲಿನಾಂವಗ ಬಂಗಾರ. ವರ್ಲ್ಡ್ ಆಫ್ ಟ್ಯಾಂಕ್ಸ್ ಅಂತ ಇನ್ನೊಂದು ಆಟ, ಹದಿನೈದು ಮಂದಿ ಒಂದು ಕಡೆ, ಹದಿನೈದು ಮಂದಿ ಒಂದು ಕಡೆ. ಅದಕ್ಕ ಎಕ್ಸ್‌ವಿಎಂ ಅನ್ನೋ ಸಾಧನ ಹಾಕ್ಕೊಂಡ್ರ, ಪಂದ್ಯ ಶುರು ಆಗೋಕಿಂತ ಮೊದಲ ಎಲ್ಲಾರ ಹೆಸರಿನ ಬಾಜೂಕ ಬಣ್ಣ ಕಾಣ್ತದ. ಕೆಂಪು ಅಂದ್ರ ಕೆಲಸಕ್ಕ ಬಾರದಾಂವ, ನೇರಳೆ ಅಂದ್ರ ಹುಲಿ. ಇನ್ನೂ ಒಂದು ಗುಂಡೂ ಹಾರಿಲ್ಲ, ಆಗಲೇ “ಇವತ್ತ ಕೆಂಪು ಮಂದೀನ ಗಂಟು ಬಿದ್ದಾರ, ಸೋತಂಗ” ಅಂತ ಬಯ್ಯೂದು. ನೇರಳೆ ಬಣ್ಣದಾಂವಗೂ ಸುಖ ಇಲ್ಲ, ಎದುರಿನವರೆಲ್ಲಾ ಮೊದಲ ಅವನ ಮ್ಯಾಲೇನ ಬೀಳ್ತಾರ.

ನಮ್ಮ ಹುಡುಗ ಪಟ್ಟಿದಾಗ ಹಚ್ಚಿದ ಕೆಂಪು ಬಣ್ಣ ಈ ಜಾತೀದು.

ಈಗ ನನಗ ಯಾರರ ಕೇಳಬಹುದು, ಅಳತೀನ ಇರಬಾರದೇನು ಅಂತ. ಇರಬೇಕ್ರಿ, ಯಾಕಿರಬಾರದು? ನಾನೂ ಮಧ್ಯಾಹ್ನ ಎಲ್ಲಾ ಕೆಲಸ ಮುಗದ ಮ್ಯಾಲೆ ಮೊಬೈಲಿನ್ಯಾಗ ಬುದ್ಧಿಬಳ ಆಡ್ತೀನಿ, ನಮ್ಮಪ್ಪ ಕಲಿಸಿದ್ದು. ಬುದ್ಧಿಬಳದಾಗ ಅಂಕಿ ಹಾಕೋ ಪದ್ಧತಿ ಮಾಡಿದೋರು ಆರ್ಪಾಡ್ ಈಲೋ. ಹಂಗೇರಿದಾಗ ಹುಟ್ಟಿ ಅಮೇರಿಕಾಕ್ಕ ಹೋಗಿ ಭೌತಶಾಸ್ತ್ರ ಕಲಿಸ್ತಿದ್ದ ಮಾಸ್ತರು. 1970ರಾಗ ಅಂತರರಾಷ್ಟ್ರೀಯ ಬುದ್ಧಿಬಳ ಸಂಸ್ಥೆ ಅವರ ಪದ್ಧತಿ ತೊಗೊಂಡಿತು. ಇಬ್ಬರ ನಡುವ 400 ಅಂಕಿ ಫರಕಿದ್ರ, ಹೆಚ್ಚಿದ್ದಾಂವ ಹತ್ತು ಅಂಶದಾಗ ಸುಮಾರು ಒಂಬತ್ತು ಗಳಸ್ತಾನ ಅಂತ ಅದರ ಲೆಕ್ಕ. ಅದರಿಂದ ಉಪಯೋಗ ಏನಂದ್ರ, ನನ್ನಂಥಾಕೀನ ತಂದು ದೊಡ್ಡ ಆಟಗಾರನ ಮುಂದ ಕೂಡಸಂಗಿಲ್ಲ. ನನ್ನಂಥಾವರನ್ನ ಹುಡುಕಿ ಕೊಡ್ತದ. ಇಬ್ಬರಿಗೂ ಆಟ ಹಿಗ್ಗು ಆಗ್ತದ. ಇದು ಅಳತಿಯಿಂದ ಆಗೋ ಉಪಕಾರ. ಇಲ್ಲೆ ಅಳತಿ ಹೊಂದಿಸಲಿಕ್ಕೆ ಇರೂದು, ಯಾರ ಮುಖಕ್ಕೂ ಹಿಡೀಲಿಕ್ಕೆ ಅಲ್ಲ.

ಪಂದ್ಯಾವಳಿ ಆಡೋರ ಮಾತು ಬ್ಯಾರೆ. ಅವರು ಹಣಾ ಹಣಿಗೆ ನಿಂತೋರು. ಅವರು ತಮ್ಮ ಒಂದೊಂದು ಸೆಕೆಂಡ್ ತೂಗ್ಲಿ, ವಿಡಿಯೋ ತಗದು ನೋಡ್ಲಿ. ಬೆಳಗಾ ಮುಂಜಾನೆ ಎದ್ದು ರಾಗ ತಿದ್ದೋ ಹುಡುಗಿಗೆ ತಂಬೂರಿ ಶ್ರುತಿ ಬೇಕ ಬೇಕು. ಆದ್ರ ಗೌರಿ ಕೂಡಸೋ ದಿನ ಹಾಡ್ಲಿಕ್ಕೆ ಬಂದ ಮುತ್ತೈದೇರ ಮುಂದ ಶ್ರುತಿಪೆಟ್ಟಿಗಿ ಇಟ್ಟು “ನೀವು ಅರ್ಧ ಸ್ವರ ಕೆಳಗ ಇದ್ದೀರಿ, ಏಳ್ರಿ” ಅಂದ್ರ ಏನಾಗ್ತದ? ಆರತಿಗೆ ಯಾರೂ ಉಳಿಯಂಗಿಲ್ಲ.

ಇನ್ನ ಆ ಅಂಕಿ ಖರೇನರ ಹೇಳ್ತದೇನು ನೋಡೂಣು. ಲಗ್ನದ ಮನ್ಯಾಗ ಹೋಳಿಗಿ ಮಾಡೂದು ನೆನಸ್ಕೋರಿ. ಹಂಚಿನ ಮುಂದ ಕೂತಾಕಿ ಮುನ್ನೂರು ಹೋಳಿಗಿ ಬೇಯಿಸಿದ್ಲು ಅಂತ ಎಣಸ್ಬಹುದು. ಬ್ಯಾಳಿ ಕುದಿಸಿ ಹೂರಣ ರುಬ್ಬಿದಾಕೀದು ಎಷ್ಟು? ಸೊನ್ನಿ. ಕಣಕ ನಾದಿ ನೆನಸಿಟ್ಟಾಕೀದು? ಸೊನ್ನಿ. ಒಲಿ ಉರಿ ನೋಡ್ಕೊಂಡಾಕೀದು? ಸೊನ್ನಿ. ಈ ಸೊನ್ನಿಗಳೆಲ್ಲಾ ಎದ್ದು ಹೋದ್ರ ಮುನ್ನೂರರಾಕಿ ಮೂರು ಹೋಳಿಗಿನೂ ತಟ್ಟಂಗಿಲ್ಲ. ಕೆ/ಡಿ ಅನ್ನೋದು ಹಂಚಿನ ಮುಂದಿನ ಲೆಕ್ಕ. ಜೀಪ್ ಹೊಡದಾಕಿ, ಬಿದ್ದೋರನ್ನ ಗುಂಡಿನ ನಡುವ ಹೋಗಿ ಎಬ್ಬಿಸಿದಾಕಿ, ತನ್ನ ಔಷಧ ಕೊಟ್ಟು ತಾ ಸತ್ತಾಕಿ, ಇವರ ಕೆಲಸ ಆ ಭಾಗಾಕಾರದಾಗ ಬರಂಗೇ ಇಲ್ಲ. ಖರೇ ಹೇಳಬೇಕಂದ್ರ ಮಂದೀನ ಉಳಿಸ್ಲಿಕ್ಕೆ ಹೋಗಿ ಸತ್ರ ಅಂಕಿ ಇನ್ನೂ ಇಳೀತದ. ಒಳ್ಳೇತನಕ್ಕ ದಂಡ ಹಾಕೋ ಲೆಕ್ಕ ಇದು.

ಅಷ್ಟ ಅಲ್ಲ, ಅಂಕಿ ಮ್ಯಾಲೆ ಕಣ್ಣಿಟ್ಟ ಮ್ಯಾಲೆ ಆಟಾನ ಬದಲಾಗ್ತದ. ಸಾಯಬಾರದು ಅಂತ ಯಾವುದೋ ಮನಿ ಮೂಲ್ಯಾಗ ಅಡಗಿ ಕೂಡೂದು. ಜೋಡಿ ಆಡೋರು ಅರ್ಧ ಹೊಡದು ಬೀಳಿಸಿದಾಂವನ್ನ ತಾ ಓಡಿ ಹೋಗಿ ಮುಗಿಸಿ ಲೆಕ್ಕಾ ತನ್ನ ಹೆಸರಿಗೆ ಬರಕೊಳ್ಳೂದು. ಗೆಳ್ಯಾ ಬಿದ್ದು ಕರೀಲಿಕ್ಕತ್ತಿದ್ರೂ ಹೋಗದ ಇರೂದು. ಇಂಗ್ಲೆಂಡಿನ ಚಾರ್ಲ್ಸ್ ಗುಡ್‌ಹಾರ್ಟ್ ಅನ್ನೋ ಅರ್ಥಶಾಸ್ತ್ರಜ್ಞರು 1975ರಾಗ ರೊಕ್ಕದ ವ್ಯವಹಾರದ ಬಗ್ಗೆ ಬರೀತ ಇಂಥಾದೊಂದು ಮಾತು ಹೇಳಿದ್ರು, ಈಗ ಅದಕ್ಕ ಗುಡ್‌ಹಾರ್ಟ್ ನಿಯಮ ಅಂತಾರ. ಅದರ ತಾತ್ಪರ್ಯ ಇಷ್ಟ: ಅಳತೀನ ಗುರಿ ಆದ ಮ್ಯಾಲೆ ಅದು ಚಲೋ ಅಳತಿ ಆಗಿ ಉಳಿಯಂಗಿಲ್ಲ. ನಮಗ ಇದನ್ನ ಹೇಳ್ಲಿಕ್ಕೆ ಅರ್ಥಶಾಸ್ತ್ರಜ್ಞರು ಬೇಕಾಗಿಲ್ಲ. ಪರೀಕ್ಷಾಕ್ಕ ಬರೋದನ್ನ ಅಷ್ಟ ಬಾಯಿಪಾಠ ಮಾಡಿ ತೊಂಬತ್ತೈದು ತೊಗೊಂಡು, ಮರುದಿನ ಒಂದು ಅರ್ಜಿ ಬರೀಲಿಕ್ಕೆ ಬಾರದ ಮಕ್ಕಳನ್ನ ನಾವೆಲ್ಲಾ ಕಂಡೀವಿ.

ಆಟಕ್ಕ ಮಂದಿ ಯಾಕ ಬರ್ತಾರ ಅಂತ ವಿಚಾರ ಮಾಡಿದೋರೂ ಇದ್ದಾರ. 1978ರಾಗ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಾಗ ರಾಯ್ ಟ್ರಬ್‌ಶಾ ಅನ್ನೋ ಹುಡುಗ ಮಡ್ ಅಂತ ಒಂದು ಆಟ ಶುರು ಮಾಡಿದ, ರಿಚರ್ಡ್ ಬಾರ್ಟಲ್ ಅದನ್ನ ಮುಂದ ಬೆಳಸಿದ. ಚಿತ್ರ ಇಲ್ಲ, ಬರೇ ಅಕ್ಷರ. ಆದ್ರ ಭಾಳ ಮಂದಿ ಕೂಡಿ ಆಡಬಹುದಿತ್ತು. ಈಗಿನ ಇಂಥಾ ಆಟಗಳಿಗೆಲ್ಲಾ ಅದು ಮುತ್ತಜ್ಜಿ ಇದ್ದಂಗ. ಬಾರ್ಟಲ್ 1996ರಾಗ ಒಂದು ಲೇಖನ ಬರದು, ಆಡೋರೊಳಗ ನಾಕು ಥರ ಅಂತ ಇಸ್ಪೀಟ್ ಎಲಿ ಲೆಕ್ಕದಾಗ ಹೇಳಿದ್ರು. ಚೌಕಟ ಅಂದ್ರ ಗಳಸ್ಲಿಕ್ಕೆ ಬರೋರು, ಅಂಕಿ, ಪದವಿ, ಸಾಮಾನು ಬೇಕು. ಇಸ್ಪೀಕ ಅಂದ್ರ ಗುದ್ದಲಿ, ಅಗದು ಅಗದು ಆಟದಾಗ ಎಲ್ಲಿ ಏನದ ಅಂತ ಹುಡುಕೋರು. ಕಿಲವರ ಅಂದ್ರ ಬಡಿಗಿ, ಮಂದೀನ ಬಡೀಲಿಕ್ಕೆ ಬರೋರು. ಬದಾಮ ಅಂದ್ರ ಹೃದಯ, ಮಂದಿ ಜೋಡಿ ಮಾತಾಡ್ಲಿಕ್ಕೆ ಬರೋರು, ಅವರಿಗೆ ಆಟ ಒಂದು ನೆವ. ಈ ನಾಕೂ ಥರದೋರು ಒಬ್ಬರ ಮ್ಯಾಲೆ ಒಬ್ಬರು ಹ್ಯಾಂಗ ಅವಲಂಬಿಸ್ಯಾರ ಅಂತಾನೂ ಬರದಾರ.

ನಮ್ಮ ಪಟ್ಟಿ ಹುಡುಗಗ ನಾ ಕೇಳೂದು ಇದು. ನಿನ್ನ ಪಟ್ಟಿದಾಗ ಚೌಕಟಕ್ಕ ಒಂದು ಸಾಲದ, ಕಿಲವರಕ್ಕ ಒಂದು ಸಾಲದ. ಬದಾಮಕ್ಕ ಎಲ್ಲದನೋ? ಶನಿವಾರ ರಾತ್ರಿ ಎಲ್ಲಾರನ್ನೂ ಫೋನ್ ಮಾಡಿ ಕೂಡಸ್ತಿದ್ದಾಕಿ ಯಾರು? ನೀ ಸೋತು ಸಿಟ್ಟಾಗಿ ಮೊಬೈಲ್ ಒಗೀಲಿಕ್ಕೆ ಹೋದಾಗ ನಗಸ್ತಿದ್ದಾಕಿ ಯಾರು? ಅದಕ್ಕ ಅಂಕಿ ಇಲ್ಲ ಅಂತ ಅದು ಇಲ್ಲವೇ ಇಲ್ಲ ಅಂತ ತಿಳ್ಕೊಂಡ್ಯಾ? ಅರ್ಧ ಎಲಿ ತಗದಿಟ್ಟು ಇಸ್ಪೀಟ್ ಆಡ್ತೀನಂದ್ರ ಎಷ್ಟು ದಿನ ಆಡ್ತೀ?

ಒಂದಿಷ್ಟು ಆಟ ಮಾಡೋರಿಗೂ ಈ ರೋಗ ಗೊತ್ತಾಗೇದ. ಫೈನಲ್ ಫ್ಯಾಂಟಸಿ ಹದಿನಾಲ್ಕು ಅನ್ನೋ ಜಪಾನಿನ ಆಟದಾಗ ಹೊರಗಿನ ಲೆಕ್ಕದ ಸಾಧನ ಹಾಕೂದು ನಿಯಮಕ್ಕ ವಿರುದ್ಧ. ಹಾಕಿ, ಆ ಅಂಕಿ ಹಿಡ್ಕೊಂಡು ಇನ್ನೊಬ್ಬರನ್ನ ಬಯ್ದ್ರ ಆಟದಿಂದ ಹೊರಗ ಹಾಕ್ತಾರ. ಲೀಗ್ ಆಫ್ ಲೆಜೆಂಡ್ಸ್‌ದಾಗ ಪಂದ್ಯ ಶುರು ಆಗೋಕಿಂತ ಮೊದಲ ಮಂದಿ ಜೋಡೀದಾರರ ಹೆಸರು ಹಾಕಿ ಅವರ ಇತಿಹಾಸ ತಗದು ನೋಡ್ತಿದ್ರು, ಕಡಿಮಿ ಕಂಡ್ರ ಬಿಟ್ಟು ಓಡ್ತಿದ್ರು. 2022ರ ಸುಮಾರಿಗೆ ಒಬ್ಬೊಬ್ಬರು ಬಂದು ಆಡೋ ರ್ಯಾಂಕ್ ಪಂದ್ಯದಾಗ ಆ ಹೊತ್ತಿಗೆ ಹೆಸರ ಮುಚ್ಚಿಬಿಟ್ರು. ನಾ ಬುದ್ಧಿಬಳ ಆಡೋ ಲೀಚೆಸ್ ಪುಕ್ಕಟ ಅದ, ಜಾಹೀರಾತಿಲ್ಲ, ಅದರಾಗ ಅಂಕಿ ಕಾಣದಂಗ ಮಾಡ್ಕೋಬಹುದು. ನಾ ಹಂಗ ಮಾಡೀನಿ. ಒಳಗ ಲೆಕ್ಕ ನಡದಿರ್ತದ, ನನಗ ಸರಿಜೋಡಿ ಸಿಗ್ತಾರ, ನನ್ನ ಕಣ್ಣಿಗೆ ಮಾತ್ರ ಬೀಳಂಗಿಲ್ಲ. ಸೋತ್ರೂ ಚಹಾ ರುಚಿ ಹತ್ತತದ.

ವಾರ್‌ಕ್ರಾಫ್ಟ್ ಮಾಡೋರು ಬ್ಯಾರೆ ಹಾದಿ ಹಿಡದ್ರು. ಹೊರಗಿನೋರು ಮಾಡಿದ ರೇಡರ್ ಐಓ ಅನ್ನೋ ಅಂಕಿ ಎಲ್ಲಾರೂ ಕೇಳ್ಲಿಕ್ಕತ್ತಿದ್ರಂತ 2021ರಾಗ ಆಟದೊಳಗನ ತಮ್ಮದೊಂದು ಅಂಕಿ ಇಟ್ರು. ಒಪ್ಕೋತೀನಿ, ಯಾರನ್ನ ಕರಕೊಂಡು ಹೋಗಬೇಕು ಅಂತ ಅಪರಿಚಿತರೊಳಗ ಆರಿಸೂ ಮುಂದ ಏನರ ಒಂದು ಗುರುತು ಬೇಕಾಗ್ತದ. ಅಪರಿಚಿತರೊಳಗ. ಆ ಶಬ್ದ ಬಿಡಬ್ಯಾಡ್ರಿ. ಮಾವನ ಮಗಳು, ಕಾಕಾನ ಮಗ ಅಪರಿಚಿತರಲ್ಲ. ಅವರ ಗುರುತು ಹಿಡೀಲಿಕ್ಕೆ ಅಂಕಿ ಬೇಕಾಗಿಲ್ಲ.

ಈ ಮಾತು ಎತ್ತಿದಾಗ ನನಗ ಬಂದ ಉತ್ತರ ಮೂರು. ಮೂರಕ್ಕೂ ಹೇಳಿಬಿಡ್ತೀನಿ.

ಮೊದಲನೇದು, “ಆಡ್ಲಿಕ್ಕೆ ಬಾರದೋರಿಂದ ಉಳದೋರ ವ್ಯಾಳ್ಯಾ ಹಾಳಾಗ್ತದ.” ಇದರಾಗ ಖರೆ ಅದ. ರ್ಯಾಂಕ್ ಪಂದ್ಯಕ್ಕ ಬರ್ತೀನಂತ ಹೇಳಿ ನಡುವ ಎದ್ದು ಹೋಗೂದು, ಆಡದ ಸುಮ್ನ ನಿಂದ್ರೂದು, ಇದು ಮಂದಿಗೆ ಮೋಸ. ನಕ್ಕೋತ ಆಡೋರಿಗೂ ಮರ್ಯಾದಿ ಇರಬೇಕು. ಭಾಳ ಆಟದಾಗ ರ್ಯಾಂಕ್ ಇರೋ ಪಂದ್ಯ ಬ್ಯಾರೆ, ಇಲ್ಲದ್ದು ಬ್ಯಾರೆ. ಗೆಲ್ಲೋ ಹುರುಪಿದ್ದೋರು ಅಲ್ಲಿಗೆ ಹೋಗ್ಲಿ, ಬಾಗಲಾ ತಗದದ. ಆದ್ರ ನಮ್ಮ ಹುಡುಗಿ ಯಾರ ರ್ಯಾಂಕ್ ಪಂದ್ಯಕ್ಕೂ ಹೋಗಿ ಕೆಡಿಸಿಲ್ಲ. ಅಕಿ ಕೂತಿದ್ದ ಕಟ್ಟೀನ ಇವರು ಅಖಾಡಾ ಮಾಡಿ, ಆಮ್ಯಾಲೆ ನಿನಗ ಕುಸ್ತಿ ಬರಂಗಿಲ್ಲ ಏಳು ಅಂದ್ರು.

ಎರಡನೇದು, “ಜಗತ್ತೇ ಸ್ಪರ್ಧಾ ಅದ, ರೂಢಿ ಆಗ್ಲಿ ಬಿಡ್ರಿ.” ಇದನ್ನ ಹೇಳಿದೋರು ಗಂಡಸ್ರು. ಅಲ್ರಿ, ಆ ಹುಡುಗಿ ಹಗಲೆಲ್ಲಾ ಕೆಲಸದಾಗ ತಿಂಗಳ ಗುರಿ, ಮೂರು ತಿಂಗಳ ಗುರಿ ಅಂತ ಅಂಕಿಯೊಳಗ ಓಡಿ ಬಂದಿರ್ತಾಳ. ಕಾಲೇಜಿನ್ಯಾಗ ಶೇಕಡಾ ಎಷ್ಟು, ವರ ನೋಡ್ಲಿಕ್ಕೆ ಬಂದ್ರ ಎತ್ತರ ಎಷ್ಟು, ಪಗಾರ ಎಷ್ಟು. ಮುಂಜಾನೆ ಅಡ್ಡಾಡಲಿಕ್ಕೆ ಹೋದ್ರ ಕೈಗಡಿಯಾರ ಎಷ್ಟು ಹೆಜ್ಜಿ ಅಂತ ಕೇಳ್ತದ. ಸ್ಪರ್ಧಾ ರೂಢಿ ಆಗಿಲ್ಲ ಅಂತ ಯಾರಿಗೆ ಚಿಂತಿ ಅದ? ರೂಢಿ ತಪ್ಪಲಿಕ್ಕತ್ತಿದ್ದು ಸುಮ್ನ ಕೂಡಿ ಕೂಡೂದು.

ಮೂರನೇದು, “ಸಣ್ಣ ಮಾತಿಗೆ ಬ್ಯಾಸರ ಮಾಡ್ಕೊಂಡ್ರ ಹ್ಯಾಂಗ, ಅದು ಬರೇ ಆಟ.” ಈ ಮಾತು ಕೇಳಿ ನನಗ ನಗು ಬಂತು. ಬರೇ ಆಟ ಅಂದ್ರ ಪಟ್ಟಿ ಯಾಕ ಮಾಡಿದ್ರಿ? ಪಟ್ಟಿ ಮಾಡೂ ಮುಂದ ಭಾಳ ದೊಡ್ಡದು, ನೋವಾದ್ರ ಬರೇ ಆಟ. ಇದು ನಮಗ ಗೊತ್ತಿದ್ದ ನ್ಯಾಯ. ಬ್ಯಾಳಿಸಾರಿಗೆ ಉಪ್ಪು ಕಡಿಮಿ ಆದ್ರ ನಾಕು ಮಂದಿ ಮುಂದ ಹೇಳ್ತಾರ, ಕಣ್ಣಾಗ ನೀರು ಬಂದ್ರ “ಚ್ಯಾಷ್ಟಿ ಮಾಡಿದ್ವಿ” ಅಂತಾರ.

ನಮ್ಮ ಅಜ್ಜಿ ಮಧ್ಯಾಹ್ನ ಚೌಕಾಬಾರ ಹಾಸ್ತಿದ್ಲು. ಗೆಲ್ಲೂದರಾಗ ಅಕಿ ಭಾಳ ಜೋರು, ಕವಡಿ ಒಗದ್ರ ಬೇಕಾದ ಗರ ಬೀಳಬೇಕು, ಯಾರಿಗೂ ಒಂದು ಮನಿ ಬಿಟ್ಟುಕೊಡ್ತಿದ್ದಿಲ್ಲ. ಆದ್ರ ನಾಕು ವರ್ಷದ ಕೂ‍ಸು ಬಂದು ನಾನೂ ಆಡ್ತೀನಿ ಅಂದ್ರ ಅದಕ್ಕೊಂದು ಹುಣಸೀ ಬೀಜ ಕೊಟ್ಟು ಕೂಡಸ್ತಿದ್ಲು. “ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ” ಅಂತಿದ್ಲು. ಕೂಸಿನ ಕಾಯಿ ಯಾರೂ ಹೊಡೀತಿದ್ದಿಲ್ಲ. ಅದು ಕವಡಿ ಒಗದು ಚಪ್ಪಾಳಿ ಹೊಡೀತಿತ್ತು. ನಮ್ಮ ಪಂದ್ಯ ನಮಗ ನಡದಿರ್ತಿತ್ತು. ಎರಡು ವರ್ಷಕ್ಕ ಅದೇ ಕೂಸು ನಮ್ಮನ್ನ ಸೋಲಸ್ತಿತ್ತು. ಈಗ ಯಾರಿಗರ ಹಂಗಂದ್ರ ಸಿಟ್ಟಿಗೇಳ್ತಾರ, ಅದು ಹೀಗಳಿಯೋ ಮಾತಾಗೇದ. ಅಜ್ಜಿ ಬಾಯಾಗ ಅದು ಕೂಸನ್ನ ಒಳಗ ಕರಕೊಳ್ಳೋ ಮಾತಾಗಿತ್ತು. ಜೋರ ಆಡೋರೂ, ಸುಮ್ನ ಕೂತೋರೂ ಒಂದೇ ಮಣಿ ಸುತ್ತ ಹಿಡಿಸ್ತಿದ್ರು. ಈಗಿನ ಸಾಧನಕ್ಕ ಗೊತ್ತಿಲ್ಲದ್ದು ಅದೊಂದ. ಅದರ ಹತ್ರ ಲೆಕ್ಕಕ್ಕಿಲ್ಲದ ಆಟ ಇಲ್ಲವೇ ಇಲ್ಲ, ಬಂದೋರೆಲ್ಲಾ ಲೆಕ್ಕಕ್ಕ.

ಆದ್ದರಿಂದ ನಮ್ಮ ಮನಿ ಮಕ್ಕಳಿಗೆ ನನ್ನ ಕಡಿಂದ ಮೂರು ಮಾತು. ಒಂದು, ನಿಮ್ಮ ಅಂಕಿ ನೀವು ಎಷ್ಟರ ನೋಡ್ಕೋರಿ, ಇನ್ನೊಬ್ಬರದು ಅವರು ಕೇಳಿದ್ರ ಅಷ್ಟ ಹೇಳ್ರಿ, ಅದೂ ಅವರೊಬ್ಬರಿಗೆ. ಎರಡು, ಪಟ್ಟಿ ಮನಿ ಗುಂಪಿಗೆ ಬರಬಾರದು. ಅಲ್ಲೆ ಅಜ್ಜಿ ಇದ್ದಾರ, ಮಾವ ಇದ್ದಾರ, ಕೆಂಪು ಬಣ್ಣ ಯಾಕ ಅಂತ ಎಲ್ಲಾರಿಗೂ ಉತ್ತರ ಕೊಡಬೇಕಾಗ್ತದ. ಮೂರು, ರ್ಯಾಂಕ್ ಏರಿಸೋದಿದ್ರ ವಾರದಾಗ ಆರು ದಿನ ಅವ, ಶನಿವಾರ ರಾತ್ರಿ ಮಾತ್ರ ರ್ಯಾಂಕ್ ಇಲ್ಲದ ಪಂದ್ಯ. ಯಾರು ಬಂದ್ರೂ ಹಿಡಿಸ್ಕೋರಿ. ನಾಕು ಮಂದಿಗಿಂತ ಹೆಚ್ಚಾದ್ರ ಪಾಳಿ ಹಚ್ಚಿಕೋರಿ, ಕೂತೋರು ಮಾತಾಡ್ಲಿ.

ಇನ್ನ ತಾಯಂದ್ರಿಗೆ ಒಂದು ಮಾತು. ಹುಡುಗೂರಿಗೆ ಈ ತಕ್ಕಡಿ ಹಿಡೀಲಿಕ್ಕೆ ಕಲಿಸಿದೋರು ಆಟದೋರಷ್ಟ ಅಲ್ಲ. ಸಾಲಿಯಿಂದ ಬಂದ ಮಗನಿಗೆ ನೀರು ಕೊಡೋಕಿಂತ ಮೊದಲ “ಎಷ್ಟು ಬಿತ್ತು, ಬಾಜೂಮನಿ ಹುಡುಗಗ ಎಷ್ಟು ಬಿತ್ತು” ಅಂತ ಕೇಳೋ ಮನಿ ನಮ್ಮ ಓಣ್ಯಾಗ ಎಷ್ಟಿಲ್ಲ? ಅದನ್ನ ದಿನಾ ಕೇಳಿದ ಹುಡುಗ ದೊಡ್ಡಾಂವ ಆಗಿ ತಂಗಿಗೂ ಅದೇ ಪ್ರಶ್ನಿ ಕೇಳ್ತಾನ. ಅದಕ್ಕ ರಾತ್ರಿ ಮಕ್ಕಳು ಮೊಬೈಲ್ ಕೆಳಗ ಇಟ್ಟಾಗ ಗೆದ್ಯೋ ಸೋತ್ಯೋ ಅಂತ ಕೇಳಬ್ಯಾಡ್ರಿ. ಇವತ್ತ ಯಾರ್ಯಾರು ಬಂದಿದ್ರು, ಯಾರು ಬರಲಿಲ್ಲ, ಯಾಕ ಬರಲಿಲ್ಲ ಅಂತ ಕೇಳ್ರಿ. ಬರದೇ ಇದ್ದೋರಿಗೆ ಅವರ ಕಡೀಂದನ ಒಂದು ಫೋನ್ ಮಾಡಸ್ರಿ.